ಏಳು ಲೋಟ ಹಾಲು, ಮೂವತ್ತೇಳು ಸೈಕಲ್

ಹಾಲಿನ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಇನ್ನು ಮೇಲೆ ನಿಮಗೆ ಭಾನುವಾರ ಇಲ್ಲ. ಎಮ್ಮೆಗೆ ಹಬ್ಬ ಗೊತ್ತಿಲ್ಲ, ಬಂದ್ ಗೊತ್ತಿಲ್ಲ, ನಿಮ್ಮ ಮಗಳ ನಿಶ್ಚಯವೂ ಗೊತ್ತಿಲ್ಲ. ಮುಂಜಾನೆ ಅದು ಹಾಲು ಕೊಟ್ಟೇ ಕೊಡುತ್ತದೆ. ಆ ಹಾಲು ಒಂಬತ್ತು ಗಂಟೆಯೊಳಗೆ ತಣ್ಣಗಾಗದಿದ್ದರೆ ಕೆಟ್ಟೇ ಕೆಡುತ್ತದೆ. ಇಷ್ಟು ತಿಳಿದರೆ ಕೆಲಸದ ಅರ್ಧ ತಿಳಿದ ಹಾಗೆ. ಉಳಿದರ್ಧ ಜನರ ವಿಷಯ. ಅದನ್ನು ನಾನು ಮೂವತ್ತೊಂದು ವರ್ಷ ಕಲಿತೆ, ಪೂರ್ತಿ ಬಂತೆಂದು ಈಗಲೂ ಹೇಳಲಾರೆ.

ಈಗ ತೆಲಂಗಾಣಕ್ಕೆ ಸೇರಿದ ಗಡಿಯೂರು ಮಕ್ತಲ್‌ನ ಒಂದು ಖಾಸಗಿ ಡೈರಿಯ ಶೀತಲ ಕೇಂದ್ರದಲ್ಲಿ ನಾನು ಹಾಲು ಸಂಗ್ರಹದ ಸೂಪರ್‌ವೈಸರ್ ಆಗಿದ್ದೆ. ಹೆಸರು ಚನ್ನಬಸಪ್ಪ. ಕೃಷ್ಣಾ ಹೊಳೆ ಕಡೆಯ ಕನ್ನಡದವರಿಗೆ ಬಸಣ್ಣ, ತೆಲುಗಿನವರಿಗೆ ಚನ್ನಪ್ಪ ಸಾರು, ನಾರಾಯಣಪೇಟೆಯ ದುಕಾನದವರಿಗೆ ಬಸಪ್ಪ ಸಾಬ್. ಮೂರಕ್ಕೂ ಓಗೊಡುತ್ತಿದ್ದೆ. ಬಡ್ತಿಯ ಸುದ್ದಿ ಬರೆಯುವುದಿಲ್ಲ. ಎರಡು ಸಲ ಬಂತು, ಎರಡೂ ಸಲ ಸಂಬಳಕ್ಕಿಂತ ಬೈಗುಳವೇ ಹೆಚ್ಚಿತು.

ನಾನು ಸೇರಿದಾಗ ಹಳ್ಳಿಯಿಂದ ಹಾಲು ಬರುತ್ತಿದ್ದುದು ಸೈಕಲ್ ಮೇಲೆ. ಹಿಂದಿನ ಚಕ್ರಕ್ಕೆ ಕಬ್ಬಿಣದ ಚೌಕಟ್ಟು ಬೆಸೆದು, ಎರಡೂ ಮಗ್ಗುಲಿಗೆ ಕ್ಯಾನು ತೂಗುಹಾಕಿ, ನಾವೇ ತುಳಿಯುತ್ತಿದ್ದೆವು. ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿಯಿದ್ದರೆ ಸೈಕಲ್ ನಮ್ಮನ್ನು ನೇರ ಹೊಲಕ್ಕೆ ಕರೆದೊಯ್ಯುತ್ತಿತ್ತು. ಆಮೇಲೆ ಟ್ರಕ್ ಬಂದವು, ರೂಟುಗಳಾದವು. ಕೊಬ್ಬು ಅಳೆಯಲು ಆಸಿಡ್ ಹಾಕಿ ಗಾಜಿನ ನಳಿಗೆ ತಿರುಗಿಸುತ್ತಿದ್ದ ಕಡೆ ಗುಂಡಿ ಒತ್ತುವ ಯಂತ್ರ ಬಂತು. ಆಸಿಡ್ ಬಿದ್ದು ತೂತಾದ ನನ್ನ ಎರಡು ಅಂಗಿ ಇನ್ನೂ ಪೆಟ್ಟಿಗೆಯಲ್ಲಿವೆ. ಹೆಂಡತಿ ಅವನ್ನು ಎಸೆಯಲು ನೋಡುತ್ತಾಳೆ, ನಾನು ಬಿಡುವುದಿಲ್ಲ.

ಮೊದಲ ದೊಡ್ಡ ತಪ್ಪು ಸೇರಿದ ಆರನೇ ತಿಂಗಳಲ್ಲೇ ಆಯಿತು. ಕೃಷ್ಣಾ ಕಡೆಯ ಒಂದು ಹಳ್ಳಿಯಲ್ಲಿ ಹೊಸ ಸಂಗ್ರಹ ಕೇಂದ್ರ ತೆರೆಯಬೇಕಿತ್ತು. ಗುಡಿಯ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದೆ, ಐವತ್ತೆರಡು ಮಂದಿಯ ಹೆಸರು ಬರೆದುಕೊಂಡೆ, ಎದೆಯುಬ್ಬಿಸಿ ಬಂದೆ. ತೆರೆದ ದಿನ ಒಂಬತ್ತು ಮಂದಿ ಚೆಂಬು ಹಿಡಿದು ಬಂದರು. ಉಳಿದವರ ಎಮ್ಮೆಗಳೆಲ್ಲ ಗಬ್ಬಾಗಿ ಹಾಲು ಬತ್ತಿದ್ದವು. ನಾನು ಮನುಷ್ಯರನ್ನು ಕೇಳಿದ್ದೆ, ಕೊಟ್ಟಿಗೆಗೆ ಹೋಗಿ ಎಮ್ಮೆ ನೋಡಿರಲಿಲ್ಲ. ಆಗಿನ ಮ್ಯಾನೇಜರು ನನ್ನ ಪಟ್ಟಿಯನ್ನು ಕ್ಯಾನಿನ ಬಾಯಿಗೆ ಹಿಡಿದು, "ಇದನ್ನ ಹಿಂಡು ನೋಡೋಣ" ಅಂದರು. ಎಲ್ಲರೂ ನಕ್ಕರು. ನನಗೆ ಆ ಕ್ಯಾನಿನೊಳಗೇ ಇಳಿದು ಮುಚ್ಚಳ ಹಾಕಿಕೊಳ್ಳಬೇಕು ಅನ್ನಿಸಿತ್ತು.

ಇನ್ನೊಂದು ತಪ್ಪು ಇಡೀ ಕೇಂದ್ರದ್ದು. ತೆಲಂಗಾಣ ಬೇರೆ ರಾಜ್ಯವಾದಾಗ ನಮ್ಮ ಮ್ಯಾನೇಜರು ರಾಮುಲು ಸಾರು. ಪಾಲಮೂರಿನ ತೆಲುಗಿನವರು, ಕಟ್ಟುನಿಟ್ಟಿನ ಮನುಷ್ಯ, ಆದರೆ ಆ ವಾರ ಎಲ್ಲರಿಗೂ ಪೇಢೆ ಹಂಚಿದ್ದರು. ನಮ್ಮ ಕ್ಯಾನುಗಳ ಮೇಲೆಲ್ಲ ಹಳೆಯ ರಾಜ್ಯದ ಹೆಸರು ಬರೆದಿತ್ತು. ಒಂದೇ ವಾರದಲ್ಲಿ ಅದು ಹೋಗಬೇಕೆಂದು ಅವರು ಹುಕುಂ ಮಾಡಿದರು. ನಾವು ಹುರುಪಿನಿಂದ ಬಣ್ಣ ಬಳಿದು, ಮುಚ್ಚಳ ತೆಗೆದು, ಕ್ಯಾನುಗಳನ್ನು ಷೆಡ್ಡಿನೊಳಗೆ ಒಣಗಲು ಇಟ್ಟೆವು. ಮರುದಿನ ಹಾಲು ತುಂಬಿ ಬಂದ ಮೊದಲ ಕ್ಯಾನಿನ ಮುಚ್ಚಳ ತೆಗೆದ ಹಮಾಲಿ ಬೀರಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಸಾರ್, ಇದು ಹಾಲಲ್ರಿ. ಹೊಸಾ ಬಾಗ್ಲ ಐತಿ" ಅಂದ.

ಹಾಲು ವಾಸನೆಯನ್ನು ಎಷ್ಟು ಬೇಗ ಹಿಡಿಯುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಂಭ್ರಮದಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಒಂದು ಟ್ರಕ್ ಹಾಲು ಚರಂಡಿಗೆ ಹೋಯಿತು. ರಾಮುಲು ಸಾರು ಅದು ಹರಿದುಹೋಗುವುದನ್ನೇ ನೋಡುತ್ತ, "ರಾಷ್ಟ್ರಂ ವಚ್ಚಿಂದಿ, ಪಾಲು ಪೋಯಿನಯ್" ಅಂದರು. ರಾಜ್ಯ ಬಂತು, ಹಾಲು ಹೋಯಿತು. ಅವರು ನಗೆಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬೀರಪ್ಪನ ಮೂಗಿನ ಬಗ್ಗೆ ಸ್ವಲ್ಪ ಹೇಳಬೇಕು. ಹಾಲು ಇಳಿಸುವ ಕಟ್ಟೆಯ ಮೇಲೆ ಯಂತ್ರಕ್ಕಿಂತ ಮೊದಲು ಕೆಲಸ ಮಾಡುವುದು ಮೂಗು. ಪ್ರತಿ ಕ್ಯಾನಿನ ಮುಚ್ಚಳ ತೆಗೆದು ಒಬ್ಬ ವಾಸನೆ ನೋಡಬೇಕು. ಹುಳಿ ಬಂದ ಒಂದು ಕ್ಯಾನು ಒಳಗೆ ಹೋದರೆ ಟ್ಯಾಂಕಿನ ಹಾಲೆಲ್ಲ ಹಾಳು. ಬೀರಪ್ಪ ಕುರಿ ಕಾಯುವ ಮನೆತನದವನು, ಬೀರದೇವರ ಒಕ್ಕಲು. ಓದಿದ್ದು ಮೂರನೇ ಕ್ಲಾಸು. ಆದರೆ ಕ್ಯಾನು ತೆಗೆದರೆ ಇದು ನಿನ್ನೆ ಸಂಜೆಯದು, ಇದು ಬೇವಿನ ಸೊಪ್ಪು ತಿಂದ ಎಮ್ಮೆಯದು, ಇದನ್ನು ಎಣ್ಣೆ ಡಬ್ಬಿಯಲ್ಲಿ ತಂದಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಕ್ಯಾನು ಹೊರುವುದು ಅವನ ಕೆಲಸ, ವಾಸನೆ ಹಿಡಿಯುವುದು ಅವನ ಹೆಮ್ಮೆ.

ಅಂಥವನು ಒಂದು ದಿನ ಮನೆಯ ಆಡುಗಳಿಗೆ ಸೊಪ್ಪು ಕಡಿಯಲು ಮರ ಹತ್ತಿ ಕೊಂಬೆ ಮುರಿದು ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಮತ್ತೆ ಬರಲೇ ಇಲ್ಲ. ಅವನ ಹೆಂಡತಿ ಮಲ್ಲಮ್ಮನಿಗೆ ಕೇಂದ್ರದಲ್ಲಿ ಕ್ಯಾನು ತೊಳೆಯುವ ಕೆಲಸ ಸಿಕ್ಕಿತು. ಎರಡು ವರ್ಷ ಬೀರಪ್ಪ ಮನೆಯಲ್ಲೇ ಇದ್ದ. ಮನೆ ಮಕ್ತಲ್‌ನ ಆಚೆ ತುದಿಗೆ, ಡೈರಿಯಿಂದ ಎರಡು ಕಿಲೋಮೀಟರ್. ನಾನು ಹೋದಾಗಲೆಲ್ಲ ನಗುನಗುತ್ತ ಮಾತಾಡುತ್ತಿದ್ದ. ಒಮ್ಮೆ ಮಾತ್ರ ಅಂದ:

"ಮುಂಜಾನಿ ನಾಕೂವರಿಗೆ ಎಚ್ಚರ ಆಗ್ತೈತ್ರಿ ಸಾರ್. ಎದ್ದು ಏನ್ ಮಾಡ್ಲಿ? ಆಕಿ ಕೆಲ್ಸಕ್ಕ ಹೋಗೂದ ನೋಡ್ಕೋಂತ ಬಿದ್ದಿರ್ತೀನಿ."

ಆ ಮಾತು ನನ್ನನ್ನು ಬಿಡಲಿಲ್ಲ. ವಾಸನೆ ನೋಡುವ ಕೆಲಸ ಸ್ಟೂಲಿನ ಮೇಲೆ ಕುಳಿತೂ ಮಾಡಬಹುದು. ರಾಮುಲು ಸಾರಿಗೆ ಹೇಳಿದೆ. ಅವರು, "ಕುಂತು ಮಾಡ್ಲಿ, ತಕರಾರಿಲ್ಲ. ಆದ್ರ ಐದೂವರಿಗೆ ಕಟ್ಟಿ ಮ್ಯಾಲ ಇರ್ಬೇಕು. ಕಂಪೆನಿ ಗಾಡಿ ಕಳ್ಸಾಕ ಆಗಂಗಿಲ್ಲ, ಹೈದರಾಬಾದಿನ ಹೆಡ್ಡಾಫೀಸಿನವರು ಕೇಳ್ತಾರ. ತಾನ ಬರ್ಬೇಕು" ಅಂದರು. ಕಾಲಿಲ್ಲದವನು ತಾನೇ ಹೇಗೆ ಬಂದಾನು ಎಂದು ಅವರಿಗೂ ತಿಳಿದಿತ್ತು. ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದರು.

ಅದಾಗಿ ಒಂದೆರಡು ತಿಂಗಳಿಗೆ ಹೆಡ್ಡಾಫೀಸಿನಿಂದ ಕಾಗದ ಬಂತು. ಕಂಪೆನಿಯ ನೌಕರರು ಧರ್ಮಾರ್ಥವಾಗಿ ಸೈಕಲ್ ಸವಾರಿ ಮಾಡಬೇಕು: ನಾರಾಯಣಪೇಟೆಯಿಂದ ಮಕ್ತಲ್, ಮಕ್ತಲ್‌ನಿಂದ ಜೂರಾಲ ಅಣೆಕಟ್ಟೆಯ ಮೇಲೆ ಹಾದು ಗದ್ವಾಲ್. ಎಪ್ಪತ್ತು ಕಿಲೋಮೀಟರಿನ ಸುಮಾರು. ಯಾವ ಶೀತಲ ಕೇಂದ್ರದ ನಲವತ್ತು ನೌಕರರು ಗದ್ವಾಲ್ ಮುಟ್ಟುತ್ತಾರೋ ಆ ಕೇಂದ್ರ ಹೇಳಿದ ಒಂದು ಉಪಕಾರವನ್ನು ಕಂಪೆನಿ ಮಾಡುತ್ತದೆ. ಕಾಗದದ ಕೊನೆಯ ಸಾಲು ಓದಿ ಮುಗಿಸುವ ಮೊದಲೇ ನಾನು ಖಾಲಿ ಜಾಗದಲ್ಲಿ ಬರೆದುಬಿಟ್ಟೆ: ಬ್ಯಾಟರಿಯ ಮೂರು ಗಾಲಿ ಸೈಕಲ್, ಬೀರಪ್ಪನಿಗೆ.

ನಮ್ಮ ಕೇಂದ್ರದಲ್ಲಿ ಎಲ್ಲರೂ ಸೇರಿ ಅರವತ್ತು ಜನ. ನಲವತ್ತು ಏನು ಮಹಾ ಅಂದುಕೊಂಡೆ. ಪಾಳಿ ಬದಲಾಗುವ ಹೊತ್ತಿಗೆ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಸೇವೆ, ಮಾನವೀಯತೆ, ಆರೋಗ್ಯ ಎಂದು ಕಾಲು ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ಹತ್ತು ನಿಮಿಷದಲ್ಲಿ ನಲವತ್ತೆಂಟು ಹೆಸರಾದವು. ಮುಂದಿನ ಭಾನುವಾರ ಸಂಜೆ ತಾಲೀಮಿಗೆ ಕರೆದರೆ ಆರು ಜನ ಬಂದರು. ಆರರಲ್ಲಿ ಒಬ್ಬಳು ಹಾಲು ಪರೀಕ್ಷೆ ಮಾಡುವ ಶಾಹಿದಾ. ಮುಂದೆ ಬುಟ್ಟಿ ಇರುವ, ಮಗಳು ಶಾಲೆಗೆ ಹೋಗುವ ಸೈಕಲ್ ತಂದಿದ್ದಳು.

"ಉಳ್ದೋರು ಎಲ್ಲಿ ಸಾಬ್?" ಎಂದು ಕೇಳಿದಳು.

"ಪಟ್ಟ್ಯಾಗ ಇದ್ದಾರಮ್ಮ" ಅಂದೆ.

ಇಪ್ಪತ್ತೈದು ವರ್ಷದ ಹಿಂದಿನ ತಪ್ಪನ್ನೇ ಮತ್ತೆ ಮಾಡಿದ್ದೆ. ಹೆಸರು ಬರೆದುಕೊಂಡಿದ್ದೆ, ಕೊಟ್ಟಿಗೆ ನೋಡಿರಲಿಲ್ಲ. ಮರುದಿನದಿಂದ ಮನೆಮನೆಗೆ ಹೋಗಿ ಸೈಕಲ್ ನೋಡತೊಡಗಿದೆ. ಒಬ್ಬನದಕ್ಕೆ ಚೈನಿಲ್ಲ. ಒಬ್ಬನದು ರಾಜೋಳಿಯ ಭಾವಮೈದುನನ ಹತ್ತಿರ. ಒಬ್ಬನದರ ಹಿಂದಿನ ಚಕ್ರ ಬಾವಿಯ ರಾಟೆಯಾಗಿತ್ತು. ಸೈಕಲ್ಲೇ ಇಲ್ಲದವರು ಹನ್ನೊಂದು ಜನ. ಮಕ್ತಲ್ ಬಸ್‌ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯವನನ್ನು ಕರೆತಂದು ಮೂರು ದಿನ ಡೈರಿಯ ಅಂಗಳದಲ್ಲಿ ಕೂರಿಸಿದೆ. ಡೈರಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ, ನಮ್ಮ ಕಾಲದ ಹಾಲಿನ ಸೈಕಲ್ಲುಗಳನ್ನೂ ಹೊರಗೆಳೆದು ಸರಿಮಾಡಿಸಿದೆವು. ಅವಕ್ಕೆ ಕಬ್ಬಿಣದ ಚೌಕಟ್ಟು ಹಾಗೆಯೇ ಇತ್ತು.

ಸೈಕಲ್ ಆದವು, ಜನ ಆಗಲಿಲ್ಲ. ಒಬ್ಬನಿಗೆ ಮೊಣಕಾಲು ನೋವು, ಒಬ್ಬನಿಗೆ ಬಿಸಿಲು ಆಗುವುದಿಲ್ಲ. ಗುಂಡುಮಾಲ್ ರೂಟಿನ ಡ್ರೈವರ್ ಹನ್ಮಂತು ಮಾತ್ರ ನಿಜ ಹೇಳಿದ.

"ಮದಿವ್ಯಾಗ ಮಾವನ ಕೂಡ ಹಟ ಹಿಡ್ದು ಮೋಟರ್‌ಸೈಕಲ್ ತಗೊಂಡೀನ್ರಿ ಸಾರ್. ಸೈಕಲ್ ಬ್ಯಾಡ, ನಮ್ಮ ಮರ್ಯಾದಿಗೆ ಕಮ್ಮಿ ಅಂದಿದ್ದೆ. ಈಗ ಅದೇ ಮಾವನ ಊರ ಮುಂದ ಸೈಕಲ್ ತುಳ್ಕೋಂತ ಹ್ಯಾಂಗ ಹೋಗ್ಲಿ?"

"ನಿಮ್ಮ ಮಾವ ನಮ್ಮ ಕೇಂದ್ರಕ್ಕ ಹಾಲು ಹಾಕಾಕ ಯಾತರ ಮ್ಯಾಲ ಬರ್ತಾನ?"

ಹನ್ಮಂತು ಟ್ರಕ್ಕಿನ ಗಾಲಿ ನೋಡಿದ. "ಸೈಕಲ್ ಮ್ಯಾಲ" ಅಂದ.

ಭಾಷಣ ಬಿಟ್ಟೆ. ನಮ್ಮ ಅಂಗಳದಲ್ಲಿ ಒಂದು ಕರಿಹಲಗೆ ಇತ್ತು. ಯಾವ ರೂಟಿನಲ್ಲಿ ಆ ದಿನ ಎಷ್ಟು ಕ್ಯಾನು ಹುಳಿ ಬಂತು ಎಂದು ಅದರ ಮೇಲೆ ದಿನಾ ಬರೆಯುತ್ತಿದ್ದೆವು. ತಮ್ಮ ರೂಟಿನ ಹೆಸರಿನ ಮುಂದೆ ಸೊನ್ನೆ ಕಾಣಲು ಜನ ಜೀವ ಬಿಡುತ್ತಿದ್ದರು. ಅದೇ ಹಲಗೆಯ ಕೆಳಗೆ ಸುಣ್ಣದ ಕಡ್ಡಿಯಿಂದ ಬರೆದೆ: ಸೈಕಲ್ ತಾಲೀಮಿಗೆ ಬಂದವರು. ನಾರಾಯಣಪೇಟೆ ರೂಟು ಎರಡು, ಕೃಷ್ಣಾ ರೂಟು ಒಂದು, ಗುಂಡುಮಾಲ್ ಸೊನ್ನೆ, ಒಳಗಿನ ಯಂತ್ರದವರು ಮೂರು.

ಮೂರನೇ ದಿನಕ್ಕೆ ಕೃಷ್ಣಾ ರೂಟು ಏಳಾಯಿತು. ನಾರಾಯಣಪೇಟೆಯವರು ಒಂಬತ್ತು ಮಾಡಿದರು. ಆಗ ಶಾಹಿದಾ ಹಲಗೆಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಗುಂಡುಮಾಲಿನವರು ಬ್ಯಾಡ್ರಿ, ಬಿಸಲಾಗ ಕರಗಿ ಹೋದಾರು. ಮೂರು ಮಕ್ಕಳ ತಾಯಿ ನಾನು ಮಗಳ ಸೈಕಲ್ ಮ್ಯಾಲ ಹೋಗ್ತೀನಿ. ಮೀಸಿ ಇದ್ದೋರು ಟ್ರಕ್ಕಿನ್ಯಾಗ ಕುಂತು ಬರ್ರಿ" ಅಂದಳು. ಮರುದಿನ ಹನ್ಮಂತು ಎಂಟು ಜನರನ್ನು ಕರೆದುಕೊಂಡು ಬಂದ. ಎಂದೂ ಮಾತಾಡದ ಬಾಯ್ಲರಿನವನೂ ಯಂತ್ರದವರ ಸಾಲಿನಲ್ಲಿ ತಾನೇ ಒಂದು ಗೀಟು ಎಳೆದ. ಹದಿನೈದು ದಿನಕ್ಕೆ ನಲವತ್ತಮೂರು ಜನರಾದರು. ಅದು ಪಟ್ಟಿಯ ಲೆಕ್ಕವಲ್ಲ, ಪೆಡಲಿನ ಮೇಲೆ ಕಾಲಿಟ್ಟವರ ಲೆಕ್ಕ.

ಬೇಡ ಎಂದವಳು ಒಬ್ಬಳೇ, ಮಲ್ಲಮ್ಮ. ನಲ್ಲಿಯ ಹತ್ತಿರ ಹೋಗಿ ಸುದ್ದಿ ಹೇಳಿದಾಗ ಅವಳು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು.

"ನಮ್ಮ ಮನಿ ಸಲುವಾಗಿ ಮಂದಿ ಬಿಸಲಾಗ ತುಳೀಬೇಕೇನ್ರಿ? ನಾಳಿ ಯಾರರ ಒಂದ್ ಮಾತು ಅಂದ್ರ ನಂಗ ತಡ್ಯಾಕ ಆಗಂಗಿಲ್ಲ. ಬ್ಯಾಡ್ರಿ ಸಾರ್."

ಪಕ್ಕದಲ್ಲಿದ್ದ ಶಾಹಿದಾ ಹೇಳಿದಳು: "ನಿಮ್ಮ ಮನಿ ಸಲುವಾಗಿ ಯಾರು ತುಳೀತಾರವ್ವ? ಈಗ ಕಟ್ಟಿ ಮ್ಯಾಲ ಇರೋವಗ ವರ್ಷಪೂರ್ತಿ ನೆಗಡಿ. ಹುಳಿ ಹಾಲು ಒಳಗ ಬರಾಕತ್ತೈತಿ, ಬೈಸ್ಕೊಳ್ಳೋದು ನಾನು." ಮಲ್ಲಮ್ಮ ನಗಲಿಲ್ಲ. ಬ್ರಷ್ ಮತ್ತೆ ಕೈಗೆತ್ತಿಕೊಂಡಳು.

ಇನ್ನೊಂದು ತೊಡಕು ಉಳಿಯಿತು. ಸವಾರಿ ಭಾನುವಾರ ಮುಂಜಾನೆ. ನಲವತ್ತಮೂರು ಜನ ಸೈಕಲ್ ಹತ್ತಿದರೆ ಹಾಲು ತರುವವರು ಯಾರು? ಉಳಿದ ಹದಿನೇಳು ಜನ ಬೇರೆ ರೂಟುಗಳನ್ನು ಹೇಗೋ ನೋಡಿಕೊಂಡಾರು, ನಾರಾಯಣಪೇಟೆಯಿಂದ ಮಕ್ತಲ್‌ವರೆಗಿನ ಏಳು ಸಂಗ್ರಹ ಕೇಂದ್ರಗಳಿಗೆ ಜನವಿಲ್ಲ. ಆಗ ನನಗೆ ಹೊಳೆಯಿತು: ಸವಾರಿಯ ದಾರಿಯೂ ಅದೇ, ಹಾಲಿನ ದಾರಿಯೂ ಅದೇ. ಸೈಕಲ್ಲಿನವರೇ ಪ್ರತಿ ಕೇಂದ್ರದಲ್ಲಿ ಇಳಿದು, ಅಳೆದು, ಪರೀಕ್ಷೆ ಮಾಡಿ, ಹಿಂದೆ ಬರುವ ಟ್ರಕ್ಕಿಗೆ ಕ್ಯಾನು ಏರಿಸಿ ಮುಂದೆ ಹೋಗುವುದು. ರಾಮುಲು ಸಾರು ಕೂಡ ತಲೆದೂಗಿದರು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹಿಂದಿನ ದಿನ ಏಳೂ ಕೇಂದ್ರದವರಿಗೆ ಫೋನ್ ಮಾಡಿ, "ನಮ್ಮವರು ಸೈಕಲ್ ಮ್ಯಾಲ ಬರ್ತಾರ, ಸ್ವಲ್ಪ ಛಲೋ ನೋಡ್ಕೋರಿ" ಎಂದುಬಿಟ್ಟೆ.

ನಮ್ಮ ಸೀಮೆಯಲ್ಲಿ ಹಾಲು ಕರೆಯುವ ಎಮ್ಮೆ ಇರುವ ಮನೆಗೆ ಯಾರಾದರೂ ಬಂದರೆ ಬರೀ ನೀರು ಕೊಡುವುದಿಲ್ಲ. ಹಾಲು ಕೊಡುತ್ತಾರೆ. ಕಾಯಿಸಿ, ಬೆಲ್ಲ ಹಾಕಿ, ದೊಡ್ಡ ಹಿತ್ತಾಳೆ ಲೋಟದಲ್ಲಿ. ಇದು ನನಗೆ ಹುಟ್ಟಿನಿಂದ ಗೊತ್ತು. ಗೊತ್ತಿದ್ದೂ ಫೋನ್ ಮಾಡಿದೆ.

ಶಿವರಾತ್ರಿ ಮುಗಿದ ವಾರ. ಬೆಳಕು ಹರಿಯುವ ಹೊತ್ತಿಗೆ ನಾರಾಯಣಪೇಟೆಯಿಂದ ಹೊರಟೆವು. ನಲವತ್ತಮೂರು ಸೈಕಲ್ಲಿನ ಗಂಟೆ ಒಟ್ಟಿಗೆ ಬಾರಿಸಿದಾಗ ಮಗ್ಗದ ಓಣಿಯವರು ಬಾಗಿಲಿಗೆ ಬಂದು ನೋಡಿದರು. ನನಗೆ ಐವತ್ತಾರು ವರ್ಷ, ಸೊಂಟ ಆಗಲೇ ತಕರಾರು ತೆಗೆದಿತ್ತು, ಆದರೆ ಮನಸ್ಸು ಹಗುರವಾಗಿತ್ತು. ಮೊದಲ ಕೇಂದ್ರದಲ್ಲಿ ಹಾಲು ಹಾಕುವವರೆಲ್ಲ ಸಾಲಾಗಿ ನಿಂತಿದ್ದರು, ಕೈಯಲ್ಲಿ ಲೋಟ. ಹಸಿದ ಹೊಟ್ಟೆಗೆ ಹಿತವಾಯಿತು. ಎರಡನೆಯ ಕೇಂದ್ರದಲ್ಲಿಯೂ ಕುಡಿದೆವು. ಮೂರನೆಯದರಲ್ಲಿ ಬಾಯ್ಲರಿನವನು ಸಾಕು ಎಂದು ಕೈ ಮುಗಿದ. ಲೋಟ ಹಿಡಿದಿದ್ದ ಮುದುಕಿಯ ಮುಖ ಸಣ್ಣದಾಯಿತು.

"ನಮ್ಮ ಹಾಲು ನೀವ ಕುಡ್ಯಾಂಗಿಲ್ಲಂದ್ರ ಪ್ಯಾಟಿ ಮಂದಿ ಹ್ಯಾಂಗ ಕುಡೀತಾರಪ್ಪ?"

ಇದಕ್ಕೆ ಏನು ಹೇಳುತ್ತೀರಿ? ನಿಮ್ಮ ಹಾಲು ಬಂಗಾರ ಎಂದು ವರ್ಷಗಟ್ಟಲೆ ಅವಳಿಗೆ ಹೇಳಿದವರೇ ನಾವು. ಬಾಯ್ಲರಿನವನು ಕುಡಿದ. ನಾವೂ ಕುಡಿದೆವು. ಆ ಮಾತು ಫೋನಿನಲ್ಲಿ ನಮಗಿಂತ ಮುಂದೆ ಓಡಿತು ಅಂತ ಕಾಣುತ್ತದೆ. ಮುಂದಿನ ಎಲ್ಲ ಕೇಂದ್ರಗಳಲ್ಲೂ ಅದನ್ನೇ ಹೇಳಿ ಕುಡಿಸಿದರು. ಐದನೆಯದು ಹನ್ಮಂತುವಿನ ಮಾವನ ಊರು. ಮಾವ ರಸ್ತೆಯ ಮೇಲೇ ನಿಂತಿದ್ದ. ಅಳಿಯನನ್ನು ಸೈಕಲ್ಲಿನ ಮೇಲೆ ನೋಡಿ ನಗುವುದಿರಲಿ, ಅವನ ಕಣ್ಣು ತುಂಬಿ ಬಂದವು.

"ಮಂದಿ ಸಲುವಾಗಿ ತುಳ್ಯಾಕತ್ತೀ, ಅಳಿಯಾಂದ್ರ. ಇವತ್ತು ನನ್ನ ಮರ್ಯಾದಿ ಹೆಚ್ಚು ಮಾಡ್ದಿ" ಅಂದ. ಲೋಟ ಕೊಡಲಿಲ್ಲ. ಚೆಂಬು ಕೊಟ್ಟ. ಮೇಲೆ ತುಪ್ಪ ತೇಲುತ್ತಿತ್ತು. ಹನ್ಮಂತು ಅದನ್ನು ಕಣ್ಣು ಮುಚ್ಚಿ ಕುಡಿದು ಮುಗಿಸಿದ.

ಎಂಟೂ ನಲವತ್ತಕ್ಕೆ ಮಕ್ತಲ್ ಮುಟ್ಟಿದೆವು. ಒಂದು ಕ್ಯಾನೂ ಹುಳಿ ಬಂದಿರಲಿಲ್ಲ. ಹುಳಿ ಬಂದದ್ದು ನಮ್ಮ ಹೊಟ್ಟೆ. ಡೈರಿಯ ಅಂಗಳದ ಬೇವಿನ ಮರದ ಕೆಳಗೆ ನಲವತ್ತಮೂರು ಜನ ಉದ್ದುದ್ದ ಮಲಗಿಬಿಟ್ಟರು. ಏಳು ಲೋಟ ಬಿಸಿ ಹಾಲು ಕುಡಿದ ಮನುಷ್ಯನಿಗೆ ನಿದ್ದೆ ಬರುತ್ತದೆ, ಇಲ್ಲವೇ ಬೇರೆ ಏನೋ ಬರುತ್ತದೆ. ಎರಡೂ ಬಂದವು. ರಾಮುಲು ಸಾರು ಶುಂಠಿ ಕಷಾಯ ಮಾಡಿಸಿ ತಾವೇ ಹಂಚಿದರು. ಒಂದು ತಾಸಿನ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಹೊರಟೆವು. ನಾಲ್ಕು ಜನ ಏಳಲೇ ಇಲ್ಲ. ಮೂವತ್ತೊಂಬತ್ತು.

ಜೂರಾಲದ ದಾರಿಯಲ್ಲಿ ಬಿಸಿಲು ಏರಿತು. ಒಬ್ಬನೇ ಒಬ್ಬ ಬಂದರೂ ಸಾಕು ಎಂದು ಮಕ್ತಲ್‌ಗೆ ಫೋನ್ ಮಾಡುತ್ತಲೇ ಇದ್ದೆ. ಅಣೆಕಟ್ಟೆಯ ಹತ್ತಿರ ಮೀನು ಕರಿಯುವ ಅಂಗಡಿಗಳ ವಾಸನೆ ಬಂದದ್ದೇ ತಡ, ಹನ್ಮಂತು ಸೈಕಲ್ ನಿಲ್ಲಿಸಿ ರಸ್ತೆಯ ಬದಿಗೆ ಓಡಿದ. ಹಿಂದೆಯೇ ಬಾಯ್ಲರಿನವನೂ ಓಡಿ ಅಲ್ಲೇ ಉರುಳಿಕೊಂಡ. ಹನ್ಮಂತು ಎರಡು ಸಲ ಮತ್ತೆ ಸೈಕಲ್ ಹತ್ತಿದ, ಎರಡು ಸಲವೂ ಇಳಿದ. ಮೂರನೇ ಸಲ ಹ್ಯಾಂಡಲ್ ಹಿಡಿದುಕೊಂಡೇ ಕುಳಿತುಬಿಟ್ಟ. "ನೀವು ಹೋಗ್ರಿ ಸಾರ್" ಅಂದ. ಬಿಟ್ಟು ಹೋಗುವಾಗ ನಾನು ಹಿಂದಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

ಗದ್ವಾಲ್‌ನಲ್ಲಿ ಷಾಮಿಯಾನದ ಕೆಳಗೆ ಹೆಡ್ಡಾಫೀಸಿನ ಅಧಿಕಾರಿ ನಿಂತಿದ್ದರು. ಒಬ್ಬೊಬ್ಬರೂ ಒಳಗೆ ಬಂದ ಹಾಗೆ ಎಣಿಸಿದರು. ಶಾಹಿದಾ ನನಗಿಂತ ಮುಂದೆ ಮುಟ್ಟಿದಳು, ಬುಟ್ಟಿಯಲ್ಲಿ ಪರೀಕ್ಷೆಯ ಸಾಮಾನಿನ ಸಮೇತ. ನಾನು ಕೊನೆಯವನು. ಮೂವತ್ತೇಳು.

ಏಳು ಕೇಂದ್ರದ ಹಾಲು ತಂದು ಬಂದಿದ್ದೇವೆ ಸಾರ್ ಎಂದು ಹೇಳಿದೆ. ಹಾಲು ಕುಡಿಸಿದ ಕಥೆಯನ್ನೂ ಹೇಳಿದೆ. ಅವರು ಒಳ್ಳೆಯವರೇ, ಮನಸಾರೆ ನಕ್ಕರು. ನಕ್ಕ ಮೇಲೆ ಅಂದರು: "ನಿಯಮ ನಾನು ಮಾಡಿದ್ದಲ್ಲ ಚನ್ನಬಸಪ್ಪನವರೇ. ಬೇರೆ ಕೇಂದ್ರದವರು ನಲವತ್ತೆರಡು ಜನ ಬಂದಿದ್ದಾರೆ." ನಮಗೆ ತಲೆಗೊಂದು ಟೋಪಿ, ಎರಡು ಬಾಳೆಹಣ್ಣು ಸಿಕ್ಕವು. ಟ್ರಕ್ಕಿನಲ್ಲಿ ಸೈಕಲ್ ಹೇರಿಕೊಂಡು ಹಿಂದಿರುಗಿದೆವು.

ಸಂಜೆ ಬೀರಪ್ಪನ ಮನೆಗೆ ನಾನೊಬ್ಬನೇ ಹೋದೆ. ದಾರಿಯಲ್ಲಿ ನಾಲ್ಕು ನಮೂನೆಯ ಮಾತು ಜೋಡಿಸಿಕೊಂಡಿದ್ದೆ. ಅವನ ಮುಖ ನೋಡಿ ನಾಲ್ಕನ್ನೂ ಬಿಟ್ಟೆ.

"ಮೂರು ಮಂದಿ ಕಮ್ಮಿ ಬಿತ್ತು ಬೀರಪ್ಪ. ತಪ್ಪು ನಂದು. ಊರೂರಿಗೆ ನಾನ ಫೋನ್ ಮಾಡಿದ್ದೆ" ಅಂದೆ.

ಅವನು ಎಲ್ಲವನ್ನೂ ಬಿಡಿಸಿ ಹೇಳಿಸಿಕೊಂಡ. ತುಪ್ಪ ಹಾಕಿದ ಚೆಂಬಿನ ತನಕ ಬಂದಾಗ ಗೋಡೆ ಹಿಡಿದು ನಗತೊಡಗಿದ. "ತುಪ್ಪರಿ? ಮ್ಯಾಲ ತುಪ್ಪ ಬ್ಯಾರೆ?" ಎಂದು ಕೇಳಿ ಕೇಳಿ ನಕ್ಕ. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಅಂಗಿಯಿಂದ ಒರೆಸಿಕೊಂಡು, "ಇರ್ಲಿ ಬಿಡ್ರಿ ಸಾರ್. ನನ್ನ ಸಲುವಾಗಿ ಇಷ್ಟು ಮಂದಿ ಹೊಟ್ಟಿ ಕೆಡಿಸ್ಕೊಂಡ್ರಲ್ಲ" ಅಂದ. ಅವನ ನಗು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಮಲ್ಲಮ್ಮ ಒಲೆಯ ಮುಂದೆ ಕುಳಿತಿದ್ದಳು. ಈ ಕಡೆ ತಿರುಗಲಿಲ್ಲ. ಚಹಾ ಕೊಟ್ಟು ಮತ್ತೆ ಒಲೆಯ ಕಡೆ ಹೋದಳು.

ಮರುದಿನ ಮುಂಜಾನೆ ಐದು ಗಂಟೆಗೇ ಕಟ್ಟೆಯ ಮೇಲೆ ಬಂದು ನಿಂತೆ. ರಾಮುಲು ಸಾರು ಟ್ರಕ್ಕಿನ ದಾರಿ ನೋಡುತ್ತಿದ್ದರು. ಮಲ್ಲಮ್ಮ ಎಂದಿನಂತೆ ಮುಂಚೆಯೇ ಬಂದು ನಲ್ಲಿಯ ಹತ್ತಿರ ಕ್ಯಾನು ತೊಳೆಯುತ್ತಿದ್ದಳು. ಐದೂ ಇಪ್ಪತ್ತಕ್ಕೆ ಗೇಟಿನ ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು.

ಹನ್ಮಂತು ತುಳಿಯುತ್ತಿದ್ದ. ಅದು ನಮ್ಮ ಕಾಲದ ಹಾಲಿನ ಸೈಕಲ್. ಕ್ಯಾನು ತೂಗುಹಾಕುವ ಚೌಕಟ್ಟಿಗೆ ಎರಡೂ ಕಡೆ ಹಲಗೆ ಕಟ್ಟಿ, ಬೆನ್ನಿಗೆ ಗೋಣಿಚೀಲ ಸುತ್ತಿ, ಒಂದು ಕುರ್ಚಿಯ ಹಾಗೆ ಮಾಡಿದ್ದರು. ಅದರಲ್ಲಿ ಬೀರಪ್ಪ ಕುಳಿತಿದ್ದ, ಸೊಂಟಕ್ಕೆ ಟವೆಲ್ಲು ಬಿಗಿದುಕೊಂಡು. ಒಂದು ಮಗ್ಗುಲಿಗೆ ಬಾಯ್ಲರಿನವನು, ಇನ್ನೊಂದು ಮಗ್ಗುಲಿಗೆ ಬೇವಿನ ಮರದ ಕೆಳಗೆ ಏಳದೇ ಉಳಿದಿದ್ದ ನಾಲ್ವರಲ್ಲಿ ಇಬ್ಬರು ಹಿಡಿದುಕೊಂಡು ಓಡುತ್ತ ಬಂದರು. ಉಳಿದಿಬ್ಬರು ಹಿಂದೆ. ಗದ್ವಾಲ್ ಮುಟ್ಟದ ಆರೂ ಜನ ಅಲ್ಲಿದ್ದರು. ಮಲ್ಲಮ್ಮ ಕೆಲಸಕ್ಕೆ ಹೊರಡುವವರೆಗೆ ಓಣಿಯ ತಿರುವಿನಲ್ಲಿ ಅಡಗಿ ಕುಳಿತಿದ್ದರಂತೆ, ಅವಳು ಬೇಡ ಅಂದಾಳು ಎಂದು.

ರಾಮುಲು ಸಾರು ಗಡಿಯಾರ ನೋಡಿದರು, ಬೀರಪ್ಪನನ್ನು ನೋಡಿದರು.

"ಕಂಪೆನಿ ಗಾಡ್ಯಾಗ ಬಂದಿಲ್ರಿ ಸಾರ್" ಅಂದ ಬೀರಪ್ಪ.

ರಾಮುಲು ಸಾರು ಒಳಗೆ ಹೋದರು. ತಮ್ಮ ಕೋಣೆಯ ಕುರ್ಚಿ, ಕೈಯಿರುವ ಕುರ್ಚಿ, ಅದನ್ನು ತಾವೇ ಎತ್ತಿಕೊಂಡು ಬಂದು ಕಟ್ಟೆಯ ಮೇಲಿಟ್ಟರು. ನಾಲ್ಕು ಜನ ಬೀರಪ್ಪನನ್ನು ಎತ್ತಿ ಕೂರಿಸಿದರು. ಮೊದಲ ಟ್ರಕ್ ಬಂತು. ಅವನು ಮುಚ್ಚಳ ತೆಗೆದು ಬಗ್ಗಿದ, ಎರಡು ಕ್ಯಾನು ಒಳಗೆ ಬಿಟ್ಟ, ಮೂರನೆಯದನ್ನು ಕೈಯಿಂದ ಪಕ್ಕಕ್ಕೆ ತಳ್ಳಿದ. "ಇದು ನಿನ್ನಿ ಸಂಜೀದು. ಹನ್ಮಂತೂ, ನಿಮ್ಮ ಮಾವನ ಊರಿಂದು" ಅಂದ. ಆರೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಿವೃತ್ತನಾಗುವವರೆಗೂ ಆ ಆರು ಜನ ಬೀರಪ್ಪನನ್ನು ಕರೆತರುವ ತಮ್ಮ ಸರದಿ ಒಂದು ದಿನವೂ ತಪ್ಪಿಸಲಿಲ್ಲ. ಯಾರೂ ಹೇಳಿದ್ದಲ್ಲ, ಯಾವ ಕಾಗದವೂ ಬಂದದ್ದಲ್ಲ. ನನ್ನ ಮೂವತ್ತೊಂದು ವರ್ಷದಲ್ಲಿ ನಾನು ಕೂಡಿಸದೆ ಕೂಡಿದ ಜನ ಅವರು.

ಆ ಮುಂಜಾನೆ ಕಣ್ಣು ಒರೆಸಿಕೊಳ್ಳಲು ನಲ್ಲಿಯ ಕಡೆ ಹೋದೆ. ಮಲ್ಲಮ್ಮ ಕಟ್ಟೆಗೆ ಬೆನ್ನು ಮಾಡಿ ಕ್ಯಾನು ಉಜ್ಜುತ್ತಿದ್ದಳು. ನೀರು ತುಂಬಿ ಹೊರಗೆ ಹರಿಯುತ್ತಿತ್ತು.

"ಅದು ಆಗಲೇ ತೊಳ್ದಾಗೈತಿ ಮಲ್ಲಮ್ಮ" ಅಂದೆ.

"ಗೊತ್ತೈತ್ರಿ ಸಾರ್" ಅಂದಳು. "ಇನ್ನೊಂದೀಟು ತೊಳೀತೀನಿ."